ಎಲ್ಕ್‌ಗೆ ಬಾಣ ಆರಿಸಿದವಳು

ನಮ್ಮ ಅಡಿಗೆಮನೆಯ ತಕ್ಕಡಿಯ ಮೇಲೆ ಒಂದು ವರ್ಷ ಮೈದಾಕ್ಕಿಂತ ಬಾಣಗಳನ್ನೇ ಹೆಚ್ಚು ತೂಗಿದ್ದೇನೆ. ಸೈಬರ್‌ಜಯಾದ ಎತ್ತರದ ಫ್ಲ್ಯಾಟು, ಕಿಟಕಿಯಾಚೆ ಗಂಡ ಕೆಲಸ ಮಾಡುವ ಡೇಟಾ ಸೆಂಟರಿನ ಬಿಳಿ ಗೋಡೆ, ಒಳಗೆ ಒಲೆಯ ಪಕ್ಕ ನಾನು. ಕಾರ್ಬನ್ ಬಾಣವನ್ನು ತಕ್ಕಡಿಯ ಮೇಲೆ ಅಡ್ಡ ಇಟ್ಟು, ಅಂಕಿ ನೋಡಿ, ತುದಿಯೊಳಗೆ ಇನ್ನೊಂದು ಹಿತ್ತಾಳೆಯ ಚೂರು ಕೂರಿಸಿ ಮತ್ತೆ ತೂಗುತ್ತಿದ್ದೆ. ಸಾರು ಉಕ್ಕಿ ಹರಿದರೂ ಗೊತ್ತಾಗುತ್ತಿರಲಿಲ್ಲ. ಅಮೆರಿಕದ ಬೆಟ್ಟಗಳಲ್ಲಿ ಎಲ್ಕ್ ಎಂಬ ಪ್ರಾಣಿ ಇದೆ, ನಮ್ಮ ಕಡವೆಯ ದೊಡ್ಡಣ್ಣ, ಕುದುರೆಯಷ್ಟು ಎತ್ತರ. ಅದಕ್ಕೆ ಬಾಣ ಆರಿಸುತ್ತಿದ್ದೆ. ಆ ಬಾಣ ಬಿಡುವವಳೂ ನಾನೇ ಎಂದುಕೊಂಡಿದ್ದೆ, ಹುಚ್ಚಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಡನನ್ನು ಎದುರಿಗೆ ನಾನು ಬಹುವಚನದಲ್ಲೇ ಮಾತಾಡಿಸುವುದು. ಇಲ್ಲಿ ಮಾತ್ರ ‘ಅವನು’ ಎಂದು ಬರೆಯುತ್ತೇನೆ. ಬರೆಯುವಾಗಲಾದರೂ ನನಗೆ ಅಷ್ಟು ಸಲಿಗೆ ಇರಲಿ.

ನಾನು ಗದಗಿನ ಕಡೆಯ ಪಿಂಜಾರರ ಮಗಳು. ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಮನೆಮಾತು ಕನ್ನಡ, ನಮಾಜಿಗೆ ಮಾತ್ರ ಅರಬ್ಬಿ. ಅಪ್ಪನ ಹತ್ತಿ ಹಿಂಜುವ ಬಿಲ್ಲು ತೊಲೆಯಿಂದ ಹಗ್ಗದಲ್ಲಿ ನೇತಾಡುತ್ತಿತ್ತು, ಆಗ ನನಗಿಂತ ಉದ್ದ. ಅದರ ಕರುಳಿನ ತಂತಿಗೆ ಅಪ್ಪ ಮರದ ಕೊಡತಿಯಿಂದ ಹೊಡೆದರೆ ಡಂಯ್ ಎಂದು ಇಡೀ ಓಣಿಗೆ ಕೇಳುತ್ತಿತ್ತು. ಹತ್ತಿ ಮೇಲೆದ್ದು ನಮ್ಮೆಲ್ಲರ ಹುಬ್ಬಿನ ಮೇಲೆ ಕೂರುತ್ತಿತ್ತು. ಗಾದಿಗೆ ಹತ್ತಿ ತುಂಬುವುದು, ಹೊಲಿಯುವುದು ಹೆಂಗಸರ ಪಾಲಿಗೆ, ಬಿಲ್ಲು ಗಂಡಸರ ಪಾಲಿಗೆ. ಒಮ್ಮೆ ಅಪ್ಪ ಚಹಾ ಕುಡಿಯಲು ಹೊರಗೆ ಹೋದಾಗ ನಾನು ಆ ತಂತಿಯನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟೆ. ಅಜ್ಜಿ ಒಳಗಿನಿಂದ ಓಡಿ ಬಂದು ಬೆನ್ನಿಗೆ ಒಂದು ಕೊಟ್ಟಳು.

“ಹೆಣ್ಣು ಹುಡುಗಿ ಆಗಿ ಬಿಲ್ಲ ಮುಟ್ಟತಿ ಏನ? ಕೈಯಾಗ ಸೂಜಿ ಹಿಡಿ, ಸೂಜಿ.”

ಗಂಡನದೂ ಅದೇ ಕುಲ, ಅದೇ ಕಸುಬು. ಆದರೆ ಅವನ ಅಪ್ಪನ ಕಾಲಕ್ಕೇ ಬಿಲ್ಲು ಅಟ್ಟ ಸೇರಿತ್ತು. ಮಲೇಷ್ಯಾಕ್ಕೆ ಬಂದ ಮೇಲೆ ಯಾರಾದರೂ ಮನೆತನ ಕೇಳಿದರೆ ಅವನು “ಟೆಕ್ಸ್‌ಟೈಲ್ ಫ್ಯಾಮಿಲಿ” ಎನ್ನುತ್ತಾನೆ. ಗಾದಿಯೂ ಬಟ್ಟೆಯದೇ ತಾನೇ, ಸುಳ್ಳೇನಲ್ಲ.

ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ಮಗಳು ಶಾಲೆಗೆ ಹೋದ ಮೇಲೆ ಫ್ಲ್ಯಾಟಿನಲ್ಲಿ ನಾನು, ವಾಷಿಂಗ್ ಮೆಷಿನ್ನು, ಇಬ್ಬರೇ. ಮಗಳ ಗೆಳತಿಯ ತಾಯಿ, ಒಬ್ಬ ಮಲಾಯ್ ಹೆಂಗಸು, ಒಂದು ಶನಿವಾರ ನನ್ನನ್ನು ಪೆಟಾಲಿಂಗ್ ಜಯಾದ ಬಿಲ್ಲುಗಾರಿಕೆಯ ಜಾಗಕ್ಕೆ ಕರೆದುಕೊಂಡು ಹೋದಳು. ಶೆಡ್ಡಿನಂಥ ಉದ್ದನೆಯ ಕಟ್ಟಡ. ಒಳಗೆ ನೋಡಿದರೆ ಸಾಲಾಗಿ ಹೆಂಗಸರು! ತಲೆವಸ್ತ್ರ ಬಿಗಿದು, ಉದ್ದ ತೋಳು ಸಿಕ್ಕಿಬೀಳದಂತೆ ಮುಂಗೈಗೆ ಪಟ್ಟಿ ಕಟ್ಟಿ, ಬಿಲ್ಲು ಎಳೆಯುತ್ತಿದ್ದರು. ಬಿಲ್ಲು ಹಿಡಿಯುವುದು ಸುನ್ನತ್, ಪುಣ್ಯದ ಕೆಲಸ, ಎಂದು ಇಲ್ಲಿನವರ ನಂಬಿಕೆ. ನಮ್ಮ ಅಜ್ಜಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮೊದಲ ಸಲ ಹೆದೆ ಎಳೆದು ಕೆನ್ನೆಗೆ ತಾಗಿಸಿದಾಗ ನನಗೆ ಅಳು ಬಂತು. ಬೆನ್ನಿಗೆ ಬಿದ್ದ ಆ ಏಟು ಅಷ್ಟು ವರ್ಷ ಅಲ್ಲೇ ಕೂತಿತ್ತು ಅಂತ ಆಗಲೇ ಗೊತ್ತಾಗಿದ್ದು.

ಅಲ್ಲಿ ಕಲಿಸುವವರು ಐವತ್ತು ದಾಟಿದ ಗಟ್ಟಿ ಹೆಂಗಸು. ಎಲ್ಲರೂ ಕಾಕ್ ಎನ್ನುತ್ತಾರೆ, ಮಲಾಯ್‌ನಲ್ಲಿ ಅಕ್ಕ ಎಂದರ್ಥ. ವರ್ಷ ಕಳೆಯುವುದರೊಳಗೆ ನಾನು ಅವರ ಒಳ್ಳೆಯ ಶಿಷ್ಯೆಯರಲ್ಲಿ ಒಬ್ಬಳಾದೆ. ನನ್ನ ನೋಡಿ ಗಂಡನಿಗೂ ಹುರುಪು ಬಂತು. ನನ್ನದಕ್ಕಿಂತ ದುಬಾರಿ ಕಂಪೌಂಡ್ ಬಿಲ್ಲು ಕೊಂಡ, ರಾಟೆಗಳಿರುವಂಥದ್ದು. ವೀಡಿಯೋ ನೋಡುವುದರಲ್ಲಿ ಅವನು ಮೊದಲು, ಶನಿವಾರ ಏಳುವುದರಲ್ಲಿ ನಾನು ಮೊದಲು.

ಅವನ ಇಂಜಿನಿಯರಿಂಗ್ ಗೆಳೆಯನೊಬ್ಬ, ದಾವಣಗೆರೆಯವನು, ಅಮೆರಿಕದ ಬೆಟ್ಟದ ಸೀಮೆಯಲ್ಲಿ ಇದ್ದಾನೆ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಲೈಸೆನ್ಸ್ ಪಡೆದು ಬಿಲ್ಲಿನಿಂದ ಎಲ್ಕ್ ಬೇಟೆ ಆಡುತ್ತಾನೆ. ಒಂದು ದಿನ ವೀಡಿಯೋ ಕಾಲಿನಲ್ಲಿ ಅವನು, “ಇಬ್ಬರೂ ಬರ್ರೋ, ಮಾಂಸ ನೀವೇ ಹಲಾಲ್ ಮಾಡ್ಕೊಳ್ರಿ,” ಎಂದ. ಇಬ್ಬರೂ ಎಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಗಂಡ ನನ್ನ ಕಡೆ ತಿರುಗಿ, “ಹೋಗೂಣೇನ?” ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವಯಸ್ಸಿಗೆ ನನಗೆ ಏನಾದರೂ ಬೇಕು ಅನಿಸಿದ್ದು ಅದೇ ಮೊದಲು ಎಂದರೆ ನಗಬೇಡಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ಅವನು ಜಾಕೆಟ್ಟು, ಬೂಟು, ದುರ್ಬೀನು ಕೊಳ್ಳತೊಡಗಿದ. ಬಾಣದ ಕೆಲಸ ನನಗೆ ಬಿತ್ತು. ಬಿತ್ತು ಎನ್ನುವುದು ತಪ್ಪು, ನಾನೇ ಕಸಿದುಕೊಂಡೆ. ಎಲ್ಕ್ ದೊಡ್ಡ ಪ್ರಾಣಿ, ಭುಜದ ಮೂಳೆ ದಪ್ಪ. ಹಗುರ ಬಾಣ ಬೇಗ ಹೋಗುತ್ತದೆ, ನೋಡಲು ಚಂದ, ಆದರೆ ಮೂಳೆ ಸಿಕ್ಕರೆ ಅಲ್ಲೇ ನಿಲ್ಲುತ್ತದೆ. ಭಾರದ ಬಾಣ ಸ್ವಲ್ಪ ನಿಧಾನ, ಆದರೆ ಹಿಡಿದ ದಾರಿ ಬಿಡುವುದಿಲ್ಲ. ಬಾಣ ಮೆತ್ತಗಿದ್ದರೆ ಬಿಲ್ಲು ಬಿಟ್ಟೊಡನೆ ಮೀನಿನಂತೆ ಬಳುಕುತ್ತದೆ, ತೀರ ಬಿರುಸಾದರೂ ಗುರಿ ತಪ್ಪುತ್ತದೆ. ಯಾವುದು ಸರಿ ಎಂದು ತಿಳಿಯಲು ಚೌಕಟ್ಟಿಗೆ ಕಾಗದ ಕಟ್ಟಿ ಅದರ ಮೂಲಕ ಬಾಣ ಬಿಡುತ್ತೇವೆ. ದುಂಡಗಿನ ಸಣ್ಣ ತೂತಾದರೆ ಬಾಣ ನೇರ ಹೋಗಿದೆ, ಉದ್ದಕ್ಕೆ ಹರಿದರೆ ಓರೆಯಾಗಿ ಹೋಗಿದೆ. ಹಳೆಯ ಪತ್ರಿಕೆಗಳನ್ನೆಲ್ಲ ನಾನು ಹೀಗೆ ಹರಿದು ಮುಗಿಸಿದೆ.

ನನಗೆ ತೋಳಿನ ಬಲ ಕಡಿಮೆ. ಅಲ್ಲಿನ ಕಾನೂನಿನಂತೆ ಬೇಟೆಯ ಬಿಲ್ಲು ಇಷ್ಟಾದರೂ ಬಿಗಿ ಇರಬೇಕೆಂದು ಲೆಕ್ಕವಿದೆ. ತಿಂಗಳುಗಟ್ಟಲೆ ಒದ್ದಾಡಿ ಅಷ್ಟು ಬಿಗಿಯನ್ನು ಎಳೆಯುವಂತಾದೆ. ಬಲ ಇಲ್ಲದವರು ಉಳಿದದ್ದರಲ್ಲಿ ತಪ್ಪು ಮಾಡುವಂತಿಲ್ಲ, ಬಾಣ ಭಾರ ಇರಬೇಕು, ಅಲಗು ಚೂಪಿರಬೇಕು. ಬಾಣದ ತುದಿಯ ಆ ಬೇಟೆಯ ಅಲಗಿಗೆ ಬ್ರಾಡ್‌ಹೆಡ್ ಎನ್ನುತ್ತಾರೆ, ಅದರಲ್ಲಿ ಎರಡು ಬಗೆ. ಒಂದರಲ್ಲಿ ಅಲಗು ಮೊದಲೇ ಹೊರಗೆ ಬಿಗಿಯಾಗಿ ಕೂತಿರುತ್ತದೆ. ಇನ್ನೊಂದರಲ್ಲಿ ಮಡಚಿಕೊಂಡಿದ್ದು, ಪ್ರಾಣಿಗೆ ಬಡಿದಾಗ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ವೀಡಿಯೋಗಳಲ್ಲಿ ಎರಡನೆಯದರ ವೈಭವವೇ ವೈಭವ. ಆದರೆ ಬಿಚ್ಚಿಕೊಳ್ಳುವುದಕ್ಕೇ ಅದು ಅರ್ಧ ಬಲ ತಿನ್ನುತ್ತದೆ. ನಾನು ಇಬ್ಬರಿಗೂ ಆರಿಸಿದ್ದು ಮೊದಲನೆಯದು, ಎರಡೇ ಅಲಗಿನದು, ನೋಡಲು ಬಡಪಾಯಿ.

ಹಾಗೆ ಆರಿಸಲು ಇನ್ನೊಂದು ಕಾರಣವಿತ್ತು. ನಮ್ಮಲ್ಲಿ ಬಾಣದ ಬೇಟೆಗೆ ಕಟ್ಟುಪಾಡುಗಳಿವೆ. ಬಿಸ್ಮಿಲ್ಲಾ ಎಂದು ಬಾಣ ಬಿಡಬೇಕು. ಅಲಗು ಒಳಹೊಕ್ಕು ಕೊಯ್ದು ಪ್ರಾಣಿ ಸತ್ತರೆ ತಿನ್ನಬಹುದು, ಬಾಣ ಅಡ್ಡ ಬಡಿದ ಪೆಟ್ಟಿಗೆ ಸತ್ತರೆ ತಿನ್ನುವಂತಿಲ್ಲ. ಪೆಟ್ಟು ತಿಂದದ್ದು ಓಡಿಹೋಗಿ ನೀರಿನಲ್ಲಿ ಸತ್ತು ಬಿದ್ದಿದ್ದರೂ ತಿನ್ನುವಂತಿಲ್ಲ, ಕೊಂದದ್ದು ಬಾಣವೋ ನೀರೋ ಎಂಬ ಅನುಮಾನ ಬರುತ್ತದಲ್ಲ. ಇದನ್ನೆಲ್ಲ ಕಾಕ್ ನನಗೆ ಬಿಡಿಸಿ ಹೇಳಿದ್ದರು, ನಾನು ಗಂಡನಿಗೆ ಹೇಳಿದ್ದೆ. “ಅಷ್ಟು ದೊಡ್ಡ ಜೀವ ತೆಗೆದ ಮ್ಯಾಲೆ ಸುಮ್ನ ಹೋಗಬಾರದ್ರಿ,” ಎಂದಿದ್ದೆ. ಅವನು ಬೂಟಿನ ದಾರ ಕಟ್ಟಿ ನೋಡುತ್ತ ಹೂಂ ಹೂಂ ಎಂದಿದ್ದ.

ಅಲಗುಗಳನ್ನು ಮಲೇಷ್ಯಾಕ್ಕೆ ತರಿಸಿದರೆ ಇಲ್ಲದ ತಲೆನೋವು ಎಂದರು ಕಾಕ್. ಇಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೋಗುವ ಪದ್ಧತಿ ಇಲ್ಲ, ಗುರಿಹಲಗೆಯೇ ನಮ್ಮ ಕಾಡು. ಹಾಗಾಗಿ ಅಲಗನ್ನು ನೇರ ಅಮೆರಿಕದ ಗೆಳೆಯನ ಮನೆಗೆ ಕಳಿಸುವಂತೆ ಆರ್ಡರ್ ಮಾಡಿ, ಅದೇ ತೂಕದ ಮೊಂಡು ತುದಿ ಹಾಕಿ ಇಲ್ಲಿ ಅಭ್ಯಾಸ ಮಾಡಿದೆವು. ನಾನು ಅಷ್ಟೆಲ್ಲ ಓದಿ ಆರಿಸಿದ ಅಲಗನ್ನು ಕೈಯಲ್ಲಿ ಮುಟ್ಟಿಯೂ ನೋಡಿರಲಿಲ್ಲ.

ಜುಲೈ ತಿಂಗಳಲ್ಲಿ ಒಂದು ಸಂಜೆ ಮೈದುನ ಮನೆಗೆ ಬಂದ. ನಿಲಾಯ್‌ನ ಯೂನಿವರ್ಸಿಟಿಯಲ್ಲಿ ಎಂಬಿಎ ಮಾಡುತ್ತಿದ್ದ, ಮೂವತ್ತು ದಾಟಿದ ಆಳು. ಬಂದವನು ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಿಂದ ರೊಟಿ ಚನಾಯ್, ಅಂದರೆ ಇಲ್ಲಿನ ಪರೋಟ, ತಪಾವ್ ಮಾಡಿಸಿ ತಂದಿದ್ದ, ಕಟ್ಟಿಸಿ ತರುವುದಕ್ಕೆ ಇಲ್ಲಿ ಎಲ್ಲರೂ ಹಾಗೇ ಅನ್ನುವುದು. ಪೊಟ್ಟಣ ಬಿಚ್ಚುತ್ತ ಖುಷಿಯಿಂದ ಹೇಳಿದ:

“ಭಾಬಿ, ನನಗೂ ಬಾಣ ಆರಿಸಿಕೊಡ್ರಿ. ಲೈಸೆನ್ಸ್ ಬಂತು. ಅಣ್ಣ ಹೇಳಿದ, ನಿಮಗ ಎಲ್ಲಾ ಗೊತ್ತೈತಿ ಅಂತ.”

“ಎಲ್ಲಿಗೆ ಹೊಂಟೀಯಪ್ಪ?”

“ಅಮೆರಿಕಾಕ್ಕ. ಅಣ್ಣನ ಜೋಡಿ.” ನನ್ನ ಮುಖ ನೋಡಿ ಅವನ ಕೈ ಅಲ್ಲೇ ನಿಂತಿತು. “ನಿಮಗ ಹೇಳಿಲ್ಲೇನು?”

ಹೇಳಿರಲಿಲ್ಲ. ನನ್ನ ಹೆಸರಿನ ಜಾಗದಲ್ಲಿ ತಮ್ಮನ ಹೆಸರು ಕೊಟ್ಟಾಗಿತ್ತು. ಬಿಲ್ಲು ಹಿಡಿದು ಮೂರು ವಾರವಾಗಿದ್ದ ತಮ್ಮ. ಅವನನ್ನು ಬೈಯಲಾರೆ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗಂಡ ಮನೆಗೆ ಬಂದಾಗ ಬಾಗಿಲಲ್ಲೇ ಕೇಳಿದೆ.

“ನೋಡು, ಅಲ್ಲೆ ಬರೇ ಗಂಡಸ್ರ ಕ್ಯಾಂಪು. ಟೆಂಟು, ಚಳಿ, ಬಾಥ್‌ರೂಮ್ ಇಲ್ಲ. ನಿನಗ ಆಗೂದಿಲ್ಲ.”

“ನನಗ ಆಗೂದಿಲ್ಲ ಅಂತ ಯಾರು ಹೇಳಿದ್ರಿ?”

“ಊರಾಗ ಅಮ್ಮಗ ಗೊತ್ತಾದ್ರ ಏನಂತಾಳ? ಮಗಳ ಎಕ್ಸಾಮ್ ಬ್ಯಾರೆ ಐತಿ. ಪ್ರಾಕ್ಟಿಕಲ್ ಆಗಿ ವಿಚಾರ ಮಾಡು.”

ಗಂಡ ಜೊತೆಗೇ ಇರುವಾಗ ಅಮ್ಮ ಏನನ್ನಬೇಕು? ಮಗಳು ಓದುತ್ತಿದ್ದದ್ದು ತನ್ನಷ್ಟಕ್ಕೆ ತಾನು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಅವಳ ಪರೀಕ್ಷೆಗೆ ನನ್ನಿಂದ ಆಗುವ ಸಹಾಯವೆಂದರೆ ಹೊತ್ತಿಗೆ ಅನ್ನ. ನಾನು ಇನ್ನೂ ಮಾತಾಡುತ್ತಿದ್ದಂತೆ ಅವನು ನನ್ನ ಹೆಗಲು ತಟ್ಟಿ, “ಆದ್ರ ಬಾಣ ಮಾತ್ರ ನಿಂದ. ನೀ ಆರಿಸಿದ್ದನ್ನ ಹೊಡೀತೀನಿ. ನೀ ಬಂದ್ಹಂಗ ಅದು,” ಎಂದ. ಅವನು ಅದನ್ನು ಪ್ರೀತಿಯಿಂದಲೇ ಹೇಳಿದ, ನನಗೆ ಉರಿದದ್ದು ಅದಕ್ಕೇ.

ಬಾಣ ಮುರಿದು ಒಲೆಗೆ ಹಾಕಬೇಕಿತ್ತು. ಹಾಕಲಿಲ್ಲ. ಎಲ್ಲೋ ಒಂದು ಪ್ರಾಣಿ ಏನೂ ಅರಿಯದೆ ಮೇಯುತ್ತಿತ್ತು. ಇವನು ಎಳೆಯುವಾಗ ಕೈ ನಡುಗುವುದು ನನಗೆ ಗೊತ್ತು, ಕೊನೆಯ ಗಳಿಗೆಯಲ್ಲಿ ತಲೆ ಎತ್ತುವುದು ಗೊತ್ತು. ಬಾಣವಾದರೂ ಸರಿ ಇರಲಿ ಎಂದು ಅವನ ಬಾಣಗಳನ್ನು ಮುಗಿಸಿದೆ, ಮೈದುನನಿಗೂ ಮಾಡಿಕೊಟ್ಟೆ. ಗರಿ ಅಂಟಿಸಿದೆ, ಒಂದೊಂದನ್ನೂ ಉರುಳಿಸಿ ನೋಡಿದೆ, ಸ್ವಲ್ಪ ಡೊಂಕಿದ್ದದ್ದನ್ನು ತೆಗೆದಿಟ್ಟೆ. ನನಗಾಗಿ ಮಾಡಿಕೊಂಡಿದ್ದ ಬಾಣಗಳು ಬೀರುವಿನ ಮೇಲೆ ಹೋದವು. ಏರ್‌ಪೋರ್ಟಿಗೆ ಬಿಡಲು ಕಾರು ಓಡಿಸಿದವಳೂ ನಾನೇ. ಇಬ್ಬರೂ ಹಿಂದೆ ಕೂತು ಹೊಸ ಬೂಟಿನ ಬಗ್ಗೆ ಮಾತಾಡುತ್ತಿದ್ದರು.

ಎರಡು ವಾರದ ಮೇಲೆ ಬಂದರು. ಗಂಡ “ಹೊಡದೆ, ಸಿಗಲಿಲ್ಲ ಅನ್ನು,” ಎಂದಷ್ಟೇ ಹೇಳಿ ಮಲಗಿದ. ಮರುದಿನ ಬಟ್ಟೆ ಒಗೆಯಲು ಅವನ ದೊಡ್ಡ ಬ್ಯಾಗು ಬಿಚ್ಚಿದೆ. ಕೆಸರು ಮೆತ್ತಿದ ಕಾಲುಚೀಲಗಳ ನಡುವೆ ಪ್ಲಾಸ್ಟಿಕ್ಕಿನ ಒಂದು ಪೊಟ್ಟಣ ಸಿಕ್ಕಿತು. ನಾನು ಆರಿಸಿದ ಎರಡಲಗಿನ ಬ್ರಾಡ್‌ಹೆಡ್‌ಗಳು. ಪೊಟ್ಟಣದ ಅಂಟು ಸಹ ಬಿಟ್ಟಿರಲಿಲ್ಲ. ಅವನ ಕೊಳೆಬಟ್ಟೆಯಲ್ಲಿ ಸುತ್ತಿಕೊಂಡು ಅವು ಮೊದಲ ಸಲ ನನ್ನ ಕೈಗೆ ಬಂದವು.

ಮೈದುನನಿಗೆ ಫೋನ್ ಮಾಡಿದೆ. ಅವನು ಸುಳ್ಳು ಬಾರದ ಹುಡುಗ, ಎಲ್ಲ ಹೇಳಿದ. ಗೆಳೆಯನ ಮನೆಯಲ್ಲಿ ಆ ಪೊಟ್ಟಣ ನೋಡಿ ಗೆಳೆಯ ನಕ್ಕನಂತೆ, ಇದೇನೋ ಆಲೂಗಡ್ಡೆ ಹೆರೆಯೋದು ಎಂದನಂತೆ. ಮಡಚುವ ಅಲಗು ಕೊಟ್ಟನಂತೆ. ಗಂಡನೂ ನಕ್ಕು ಅದನ್ನೇ ಹಾಕಿಕೊಂಡ. ನಾಲ್ಕನೆಯ ದಿನ ಸಂಜೆ ಒಂದು ಗಂಡು ಎಲ್ಕ್ ಹತ್ತಿರ ಬಂತು. ಬಿಸ್ಮಿಲ್ಲಾ ಎಂದೇ ಬಿಟ್ಟ, ಅದನ್ನು ಮರೆತಿರಲಿಲ್ಲ. ಬಾಣ ಭುಜಕ್ಕೆ ಬಡಿಯಿತು, ಅಲಗು ಬಿಚ್ಚಿಕೊಂಡು ಮೂಳೆಯಲ್ಲೇ ಕಚ್ಚಿ ನಿಂತಿತು. ಪ್ರಾಣಿ ಬಾಣ ಹೊತ್ತುಕೊಂಡೇ ಓಡಿತು.

“ಬೆಳಿಗ್ಗೆ ಸಿಕ್ಕಿತು ಭಾಬಿ. ಹಳ್ಳದ ನೀರಾಗ ಬಿದ್ದಿತ್ತು. ಭಾಳ ದೂರ ಹೋಗಿತ್ತು. ನಾವು ತಿನ್ನೂ ಹಂಗಿರಲಿಲ್ಲ. ಗೆಳೆಯ ಕೊಯ್ಕೊಂಡು ತನ್ನ ಫ್ರೀಜರಿಗೆ ಹಾಕ್ಕೊಂಡ. ಅಣ್ಣ ಹೇಳಬ್ಯಾಡ ಅಂದಾನ.”

ಫೋನ್ ಇಟ್ಟು ವಾಷಿಂಗ್ ಮೆಷಿನ್ ಮುಂದೆ ನೆಲದ ಮೇಲೆ ಕೂತೆ. ನಾನು ಹೋಗಲಿಲ್ಲ ಎಂಬ ದುಃಖ ಆ ಹೊತ್ತಿಗೆ ಸಣ್ಣದಾಗಿತ್ತು. ಇಡೀ ರಾತ್ರಿ ಭುಜದಲ್ಲಿ ಅಲಗು ಇಟ್ಟುಕೊಂಡು ನೀರು ಹುಡುಕಿ ಹೋದ ಆ ಪ್ರಾಣಿಗಾಗಿ ಅತ್ತೆ. ಬಲ ಇಲ್ಲದವಳು ಅಂತ ನಾನು ಎಷ್ಟು ಎಚ್ಚರದಿಂದ ಆರಿಸಿದ್ದೆ!

ಮುಂದಿನ ಭಾನುವಾರ ಪೆಟಾಲಿಂಗ್ ಜಯಾದಲ್ಲಿ ನಮ್ಮ ಕಡೆಯ ಡಾಕ್ಟರೊಬ್ಬರ ಮನೆಯಲ್ಲಿ ಊಟ. ಡಾಕ್ಟರು ಮಂಗಳೂರಿನವರು. ನಾಲ್ಕೈದು ಕುಟುಂಬ, ಎಲ್ಲರೂ ಕರ್ನಾಟಕದವರೇ. ಪೊಟ್ಟಣ ನನ್ನ ಕೈಚೀಲದಲ್ಲಿತ್ತು. ತೋರಿಸಲೆಂದು ಒಯ್ದಿರಲಿಲ್ಲ. ಮನೆಯಲ್ಲಿ ಇಟ್ಟರೆ ಅವನ ಕಣ್ಣಿಗೆ ಬೀಳುತ್ತದೆ, ಎಸೆದುಬಿಡುತ್ತಾನೆ ಎಂದು ಇಟ್ಟುಕೊಂಡಿದ್ದೆ.

ಬಿರಿಯಾನಿ ಬಡಿಸುತ್ತ ಡಾಕ್ಟರು ಕೇಳಿದರು, “ಎಂತ ಮಾರಾಯ್ರೆ, ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದದ್ದಾ?”

ಗಂಡ ಕೈ ತಟ್ಟೆಯಲ್ಲಿ ಇಟ್ಟುಕೊಂಡೇ ಕಥೆ ಶುರು ಮಾಡಿದ. ಬೆಟ್ಟ, ಮಂಜು, ಎಲ್ಕಿನ ಕೂಗು, ಎಲ್ಲ ಚೆನ್ನಾಗಿಯೇ ಹೇಳಿದ. ಬಾಣ ಬಿಟ್ಟಲ್ಲಿಗೆ ಬಂದಾಗ ತಲೆ ಅಲ್ಲಾಡಿಸಿದ. “ಬಾಣ ಭಾಳ ಹೆವಿ ಆತ್ರಿ. ಒಳಗ ಹೋಗಲೇ ಇಲ್ಲ. ಯಾರು ಆರಿಸಿದ್ದು ಅಂತ ಕೇಳ್ರಿ!” ಎಂದು ನನ್ನ ಕಡೆ ಕೈ ಮಾಡಿ ನಕ್ಕ. “ಹತ್ತಿ ಹಿಂಜೋರ ಮಗಳು ಬಾಣ ಆರಿಸಿದ್ರ ಮತ್ತೇನಾಗ್ತದ?”

ಎಲ್ಲರೂ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆ ಮಾಡಿದವರು ಅಲ್ಲಿಯೂ ಹೆಂಗಸನ್ನೇ ಕುಣಿಸಿದ್ದಾರೆ ನೋಡಿ. ಆ ಮೇಜಿನ ಸುತ್ತ ಇದ್ದ ಯಾರಿಗೂ ಅಷ್ಟು ವರ್ಷ ಗೊತ್ತಾಗದಂತೆ ಅವನು ಮುಚ್ಚಿಟ್ಟಿದ್ದ ಕುಲ ಅದು. ತನ್ನ ಮಾನ ಉಳಿಸಿಕೊಳ್ಳಲು ಅದನ್ನು ನನ್ನೊಬ್ಬಳ ತಲೆಗೆ ಕಟ್ಟಿದ.

ಕೈಚೀಲ ಬಿಚ್ಚಿ ಪೊಟ್ಟಣ ತೆಗೆದು ರಾಯಿತದ ಬಟ್ಟಲಿನ ಪಕ್ಕ ಇಟ್ಟೆ.

“ನಾ ಆರಿಸಿದ್ದು ಇದು. ಇನ್ನೂ ಬಿಚ್ಚಿಲ್ಲ, ನೋಡ್ರಿ. ಇವರು ಹೊಡದದ್ದು ಗೆಳೆಯನ ಅಲಗು. ಹತ್ತಿ ಹಿಂಜೋರು ಅಂದ್ರಲ್ಲ, ಇವರ ಅಜ್ಜನ ಬಿಲ್ಲೂ ಇನ್ನೂ ಅಟ್ಟದ ಮ್ಯಾಲೆ ಐತಿ.”

ಡಾಕ್ಟರ ಹೆಂಡತಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದರು. ಗಂಡನ ಕಿವಿ ಕೆಂಪಾಗಿತ್ತು. ಆದರೆ ಅವನು ಬುದ್ಧಿವಂತ, ಅರೆಗಳಿಗೆಯಲ್ಲಿ ಸುಧಾರಿಸಿಕೊಂಡು ದೊಡ್ಡದಾಗಿ ನಕ್ಕ.

“ಆತ್ ಬಿಡವಾ, ಸೋತೆ! ಮುಂದಿನ ಸಲ ನೀನ ಬಾ, ನೀನ ಹೊಡಿ!”

ಮತ್ತೆ ಎಲ್ಲರೂ ನಕ್ಕರು, ಈ ಸಲ ಹಾಯೆನಿಸಿ. ಡಾಕ್ಟರು ಚಪ್ಪಾಳೆಯನ್ನೇ ತಟ್ಟಿದರು. ನಾನು ಒಂದು ವರ್ಷ ಆ ಮಾತಿಗಾಗಿ ಕಾದಿದ್ದೆ, ನೀನೇ ಬಾ, ನೀನೇ ಹೊಡಿ. ಅದು ಬಂದದ್ದು ಅವನ ಕೆಂಪು ಕಿವಿ ಮುಚ್ಚಿಕೊಳ್ಳಲು.

ಮನೆಗೆ ಬರುವಾಗ ಹೈವೇಯಲ್ಲಿ ಅವನು ಹೇಳಿದ್ದು ಒಂದೇ ಮಾತು, “ನಾಕು ಮಂದಿ ಮುಂದ ನನ್ನ ಮರ್ಯಾದಿ ತಗದಿ.” ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟಾದರೂ ನನ್ನೊಳಗೆ ಒಂದು ಆಸೆ ಉಳಿದಿತ್ತು. ಲಿಫ್ಟಿನಲ್ಲಿ ಕೇಳಿಯೇ ಬಿಟ್ಟೆ.

“ಮುಂದಿನ ಸಲ ನೀನ ಬಾ ಅಂದ್ರಲ್ಲ, ಖರೇನ ಏನ್ರಿ?”

“ಏ, ಅದು ಚ್ಯಾಷ್ಟಿಗೆ ಅಂದದ್ದು.” ಬಾಗಿಲ ಬೀಗ ತೆಗೆದು ಬೂಟು ಬಿಚ್ಚುವ ಹೊತ್ತಿಗೆ ಅವನ ಸಿಟ್ಟು ಇಳಿದಿತ್ತು. ರಾಜಿಯ ದನಿಯಲ್ಲಿ ಹೇಳಿದ, “ಆದ್ರ ಬಾಣ ಮಾತ್ರ ನೀನ ಆರಿಸಿಕೊಡು. ಈ ಸಲ ನಿನ್ನ ಬ್ಲೇಡ್ ಹಾಕ್ತೀನಿ, ಪ್ರಾಮಿಸ್. ನಾಳಿಯಿಂದ ತೂಗಾಕ ಶುರು ಮಾಡು.”

“ತಕ್ಕಡಿ ಕೆಟ್ಟೈತ್ರಿ,” ಎಂದೆ.

“ಹೌದ? ರಿಪೇರಿ ಮಾಡಸೂಣು,” ಎಂದು ಒಳಗೆ ಹೋದ.

ತಕ್ಕಡಿಗೆ ಏನೂ ಆಗಿರಲಿಲ್ಲ. ಮರುದಿನ ಸಂಜೆ ಅವನ ಎದುರಿಗೇ ಅದರಲ್ಲಿ ಮೈದಾ ತೂಗಿ, ಸಕ್ಕರೆ ತೂಗಿ, ಮಗಳಿಗೆ ಕೇಕ್ ಮಾಡಿದೆ. ಅವನೂ ಎರಡು ತುಂಡು ತಿಂದ, ಚಲೋ ಆಗೇತಿ ಅಂದ.